ಗಾಬರಿ ಬೇಡ, ಕಮಿಟಿ ಇದೆ

ಮಲೇಷ್ಯಾದ ಪಿನಾಂಗ್ ದ್ವೀಪದಲ್ಲಿರುವ ಬಯಾನ್ ಲೆಪಾಸ್‌ನ ಒಂದು ಕಾರ್ಖಾನೆಯಲ್ಲಿ ನಾನು ಎಂಜಿನಿಯರ್. ಅಲ್ಲಿನ ಎಮರ್ಜೆನ್ಸಿ ಕಮಿಟಿಗೂ ನನ್ನನ್ನು ಸೇರಿಸಿದ್ದಾರೆ. ಅಪಾಯ ಬರುವುದು ಅಪರೂಪ. ಆದರೆ ಅದಕ್ಕೆ ನಾವು ಮಾಡಿಕೊಳ್ಳುವ ಸಿದ್ಧತೆಯಿಂದಲೇ ಏನಾದರೊಂದು ಆಗುತ್ತಲೇ ಇರುತ್ತದೆ.

ನೀರು

ಒಂದು ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಆಫೀಸಿನಿಂದ ವಾಟ್ಸಾಪ್ ಬಂತು. ನಾಳೆ ಪೈಪ್ ರಿಪೇರಿ, ನೀರು ಬರುವುದಿಲ್ಲ, ಈಗಲೇ ತುಂಬಿಸಿಟ್ಟುಕೊಳ್ಳಿ ಅಂತ. ಎಲ್ಲ ಮನೆಗಳಲ್ಲೂ ಒಟ್ಟಿಗೇ ನಲ್ಲಿ ತಿರುಗಿಸಿದರು. ನನ್ನ ಹೆಂಡತಿ ಬಕೆಟ್ಟು, ಪಾತ್ರೆ, ಕುಕ್ಕರ್ ತುಂಬಿಸಿ ಕೊನೆಗೆ ಮಗಳ ಟಿಫಿನ್ ಡಬ್ಬಿಯನ್ನೂ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೇಲಿನ ಟ್ಯಾಂಕ್ ಖಾಲಿ. ಅಡುಗೆ ಮಾಡೋಣವೆಂದರೆ ಖಾಲಿ ಪಾತ್ರೆಯೂ ಇಲ್ಲ. ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲಿನಲ್ಲಿ ಊಟ ಮುಗಿಸಿ, ದೂರು ಕೊಡಲು ಆಫೀಸಿಗೆ ಹೋದೆ. ಅಲ್ಲಿದ್ದ ಹೆಂಗಸು, ಇಲ್ಲಿಯವರು ಮಾತಿನ ಕೊನೆಗೆ ಹಚ್ಚುವ 'ಲಾ' ಸೇರಿಸಿ, ಸಮಾಧಾನವಾಗಿಯೇ ಹೇಳಿದಳು: "ನಾವು ನಾಳೆ ನಿಲ್ಲಿಸೋಣ ಅಂತಿದ್ದೆವು. ನೀವೇ ಎಲ್ಲ ಸೇರಿ ಇವತ್ತೇ ನಿಲ್ಲಿಸಿಬಿಟ್ಟಿರಿ ಲಾ."

ಹೊಗೆ

ನಮ್ಮ ಸೇಫ್ಟಿ ಮ್ಯಾನೇಜರ್ ಪಿನಾಂಗಿನಲ್ಲೇ ಹುಟ್ಟಿ ಬೆಳೆದ ತಮಿಳು ಹಿರಿಯರು. ಬಲು ಶಿಸ್ತಿನ ಮನುಷ್ಯ. ಒಮ್ಮೆ ಎಲ್ಲೋ ಕಾಡಿಗೆ ಬಿದ್ದ ಬೆಂಕಿಯ ಹೊಗೆ ಊರನ್ನೆಲ್ಲ ಮುಸುಕಿತು. ಯಾರೂ ಹೊರಗೆ ಬರಬೇಡಿ ಎಂದು ಸರ್ಕಾರ ಹೇಳಿತು. ಇವರು ತಕ್ಷಣ ಸೈರನ್ ಹಾಕಿಸಿ ಎಲ್ಲರನ್ನೂ ಕಾರ್ ಪಾರ್ಕಿಗೆ ಕರೆಸಿದರು. ಹಾಜರಿ ಆಯಿತು. ಆಮೇಲೆ ಮೈಕ್ ಹಿಡಿದು, ಕೆಮ್ಮುತ್ತ ಕೆಮ್ಮುತ್ತ, ಯಾರೂ ಕಟ್ಟಡ ಬಿಟ್ಟು ಹೊರಗೆ ಬರಕೂಡದೆಂದು ವಿವರಿಸಿದರು. ಹಾಗಾದರೆ ಒಳಗೆ ಹೋಗಬಹುದೇ ಎಂದು ಟೆಕ್ನಿಷಿಯನ್ ಒಬ್ಬಳು ಕೇಳಿದಳು.

"ಸ್ವಲ್ಪ ಇರಿ," ಎಂದರು. "ತಡವಾಗಿ ಬಂದವರಿಗೆ ಇನ್ನೊಂದು ಸಲ ಹೇಳ್ತೀನಿ."

ಲಿಫ್ಟು

ಬೆಂಕಿ ಬಿದ್ದಾಗ ಲಿಫ್ಟ್ ಹತ್ತಬೇಡಿ ಅನ್ನುವುದು ಅದೇ ಸೇಫ್ಟಿ ಮ್ಯಾನೇಜರ್ ದಿನಾ ಹೇಳುವ ಪಾಠ. ಆದರೆ ಫೈರ್ ಡ್ರಿಲ್ ದಿನ ಎಲ್ಲರಿಗಿಂತ ಮೊದಲು ತಾವು ಕೆಳಗಿರಬೇಕೆಂಬ ಆತುರದಲ್ಲಿ ಲಿಫ್ಟನ್ನೇ ಹತ್ತಿದರು. ಸೈರನ್ ಕೂಗಿತು, ನಿಯಮದಂತೆ ಎಲೆಕ್ಟ್ರಿಷಿಯನ್ ಕರೆಂಟ್ ತೆಗೆದ. ಲಿಫ್ಟ್ ನಡುವೆಯೇ ನಿಂತಿತು. ಅವರು ಬಾಗಿಲು ಬಡಿದದ್ದು ಸೈರನ್ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಕೆಳಗೆ ನಾವೆಲ್ಲ ಬಿಸಿಲಲ್ಲಿ ನಿಂತಿದ್ದೆವು. ಒಳಗೆ ಹೋಗಿ ಎಂದು ಹೇಳಬೇಕಾದವರೇ ನಾಪತ್ತೆ. ಎಲ್ಲೋ ಅವಿತು ನಮ್ಮನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದು ಕಮಿಟಿ ತೀರ್ಮಾನಿಸಿತು. ಹಾಗಾಗಿ ಇನ್ನಷ್ಟು ಶಿಸ್ತಾಗಿ ನಿಂತೆವು.

ಕೊನೆಗೆ ಕರೆಂಟ್ ಬಂತು, ಲಿಫ್ಟ್ ಕೆಳಗಿಳಿಯಿತು. ಬೆವರಲ್ಲಿ ತೊಯ್ದು ಹೊರಬಂದರೂ ಅವರ ಮುಖ ಅರಳಿತ್ತು. ನಮ್ಮ ಎಮರ್ಜೆನ್ಸಿ ನಂಬರಿಗೆ ಫೋನ್ ಮಾಡಬಾರದಿತ್ತೇ ಸಾರ್ ಎಂದು ಕೇಳಿದೆ.

"ಮಾಡಿದೆನಪ್ಪಾ. ಎಷ್ಟು ಸಲ ಮಾಡಿದರೂ ಬ್ಯುಸಿ. ನಮ್ಮವರು ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದ್ದಾರೆ ಅಂತ ಖುಷಿಯಾಯ್ತು."

ಆ ನಂಬರನ್ನು ಅವರದೇ ಮೊಬೈಲಿಗೆ ಡೈವರ್ಟ್ ಮಾಡಲಾಗಿದೆ ಎಂದು ನೆನಪಿಸುವ ಧೈರ್ಯ ಕಮಿಟಿಯಲ್ಲಿ ಯಾರಿಗೂ ಬರಲಿಲ್ಲ.