ಖಂಡೇ ಪೂಜೆಗೆ ಕುಂತ ರೈಫಲ್ಲು

“ಈ ವರ್ಷ ಖಂಡೇ ಪೂಜಿಗಿ ನಮ್ಮ ಮನ್ಯಾಗ ಕುಡಗೋಲು, ಕೊಡ್ಲಿ ಅಷ್ಟ ಅಲ್ರಿ, ರೈಫಲ್ ಕೂಡ್ರತದ! ಬರ್ರಿ ಬೀಗರ, ಬಂದು ಕಣ್ಣಾರೆ ನೋಡ್ರಿ!”

ಸುರಪುರದ ಬೀಗರ ಮನೆಯ ಕಟ್ಟೆಯ ಮೇಲೆ ಕೂತು, ಮೀಸೆಗೆ ಹತ್ತಿದ ತುಪ್ಪ ಒರೆಸಿಕೊಳ್ಳುತ್ತ ದೋರನಹಳ್ಳಿಯ ಮಿಲಿಟರಿ ಭಗವಂತರಾಯ ಈ ಮಾತು ಆಡಿದಾಗ, ಅವನ ಮನೆಯಲ್ಲಿ ರೈಫಲ್ ಹೋಗಲಿ, ಇಲಿ ಹಿಡಿಯುವ ಬೋನೂ ನೆಟ್ಟಗಿರಲಿಲ್ಲ. ಆದರೆ ಮಾತು ಬಾಯಿ ದಾಟಿಬಿಟ್ಟಿತ್ತು. ಮಗಳ ಮಾವ ತಿಮ್ಮಣ್ಣ ಆಗಷ್ಟೇ ತನ್ನ ಮುತ್ತ್ಯಾನ ಕಾಲದ ಕತ್ತಿಯನ್ನು ಗೋಡೆಯಿಂದ ಇಳಿಸಿ ತೋರಿಸಿ, “ನಮ್ಮ ಮನ್ಯಾಗ ಇದರ ಪೂಜಿ ಮಾಡ್ತೀವ್ರಿ. ನೀವು ಮಿಲಿಟರ್ಯಾಗ ಇದ್ದವ್ರು, ನಿಮ್ಮಲ್ಲಿ ಏನ್ ಕೂಡಸ್ತೀರಿ?” ಎಂದು ಕೇಳಿದ್ದ. ಅಂಥ ಹೊತ್ತಿನಲ್ಲಿ ಮೀಸೆ ಇದ್ದ ಗಂಡಸು ಸುಮ್ಮನಿರುವುದುಂಟೆ!

ಭಗವಂತರಾಯ ಮಿಲಿಟರಿಯಲ್ಲಿ ಇದ್ದದ್ದು ಸುಳ್ಳಲ್ಲ. ಟ್ರೇನಿಂಗಿನ ಕಾಲಕ್ಕೆ ಅವನಿಗೂ ಒಂದು ರೈಫಲ್ ಕೊಟ್ಟಿದ್ದರು. ಟ್ರೇನಿಂಗ್ ಮುಗಿದ ಮರುದಿನ ಅದನ್ನು ಕಸಿದುಕೊಂಡು, ಕೈಗೆ ದೊಡ್ಡ ಹುಟ್ಟು ಕೊಟ್ಟು, ಅಡುಗೆಮನೆಗೆ ಅಟ್ಟಿದರು. ಅಡುಗೆಯವನೆಂದೇ ಭರ್ತಿಯಾದವನಿಗೆ ಬೇರೆ ಏನು ಕೊಟ್ಟಾರು? ಅಂದಿನಿಂದ ಪಿಂಚಣಿಯವರೆಗೆ ಅವನು ಹೊಡೆದದ್ದೆಲ್ಲ ಒಗ್ಗರಣೆ!

ಆದರೆ ಆ ರೈಫಲ್ ಅವನ ಹೆಗಲು ಬಿಟ್ಟು ಹೋಗಲಿಲ್ಲ. ಚಳಿಯ ಮುಂಜಾವಿನಲ್ಲಿ ಅದರ ಕಟ್ಟಿಗೆಗೆ ಕೆನ್ನೆ ಹಚ್ಚಿದರೆ ಮೈಯೆಲ್ಲ ಝುಮ್ಮೆನ್ನುತ್ತಿತ್ತು. ಅದರ ಎಣ್ಣೆಯ ವಾಸನೆ, ಹಿಂಬದಿಯಲ್ಲಿದ್ದ ಸಣ್ಣ ಗೀರು, ಹೆಗಲೇರಿದಾಗಿನ ಆ ಭಾರ, ಎಲ್ಲವೂ ಇಂದಿಗೂ ನೆನಪು. ಈಗಲೂ ನಿದ್ದೆಯಲ್ಲಿ ಅವನ ಬಲಗೈ ತಾನಾಗಿ ಹೆಗಲಿಗೆ ಏರುತ್ತದೆ. ಅಲ್ಲಿ ಏನೂ ಸಿಗದೆ ಮೆಲ್ಲಗೆ ಇಳಿಯುತ್ತದೆ. ಅದು ಈಗ ಯಾರ ಹೆಗಲ ಮೇಲಿದೆಯೋ, ಅವನಾದರೂ ನೆಟ್ಟಗೆ ಒರೆಸುತ್ತಾನೋ ಇಲ್ಲವೋ ಎಂದು ಹೊಲದ ಬದುವಿನ ಮೇಲೆ ಕೂತು ಎಷ್ಟೋ ಸಂಜೆ ಚಿಂತೆ ಮಾಡಿದ್ದಾನೆ. ಲಗ್ನವಾಗಿ ಹೋದ ಮಗಳ ಬಗ್ಗೆಯೂ ಅವನು ಅಷ್ಟು ಚಿಂತೆ ಮಾಡಿಲ್ಲ ಎನ್ನುವುದು ಹೆಂಡತಿ ಮಲಕಮ್ಮನ ದೂರು.

ಸುರಪುರದಿಂದ ಬಂದವನೇ ಶಹಾಪುರದ ಗುಜರಿ ಅಂಗಡಿಗೆ ಓಡಿದ.

“ಯಾಕೂಬಸಾಬ, ಒಂದು ರೈಫಲ್ ಬೇಕಾಗ್ಯಾದ.”

“ತೌಬಾ ತೌಬಾ! ಕಾಕಾ, ನಾ ಹಳೇ ಕಬ್ಬಿಣ ಮಾರಾಂವ. ನನ್ನ ಜೇಲಿಗಿ ಕಳಸಾಕ ಬಂದೀರೇನು?”

“ಖರೇ ರೈಫಲ್ ಅಲ್ಲೋ ಮಾರಾಯಾ. ನೋಡಿದವ್ರಿಗಿ ಖರೇ ಅನಸಬೇಕು, ಅಷ್ಟ.”

ಯಾಕೂಬಸಾಬ ಮುರುಕು ಸೈಕಲ್ಲುಗಳ ರಾಶಿಯಲ್ಲಿ ಕೈ ಹಾಕಿ ಏನನ್ನೋ ಜಗ್ಗಿ ತೆಗೆದ. “ಇದು ನೋಡ್ರಿ, ಜಾತ್ರ್ಯಾಗ ಫುಗ್ಗಾ ಹೊಡಿಯೋ ಬಂದೂಕು. ಈಗ ಫುಗ್ಗಾನೂ ಹೊಡಿಯಂಗಿಲ್ಲ. ಒಳಗ ಸ್ಪ್ರಿಂಗ್ ಸತ್ತದ.”

“ಸಾಯ್ಲಿ ಬಿಡು! ನನಗ ಹೊಡಿಯೋದು ಬ್ಯಾಡ, ಕೂಡ್ರೋದು ಬೇಕು!”

“ಮನ್ಯಾಗ ಕಾಕಿಗಿ ಗೊತ್ತದೇನ್ರಿ?”

“ಅದು ಮಿಲಿಟರಿ ಗುಟ್ಟು. ಸುಮ್ಮ್ ಚೀಲದಾಗ ಕಟ್ಟು!”

ದನದ ಕೊಟ್ಟಿಗೆಯಲ್ಲಿ ಭಗವಂತರಾಯನ ಶಸ್ತ್ರಾಗಾರ ಶುರುವಾಯಿತು. ಫುಗ್ಗಾ ಬಂದೂಕಿಗೂ ಮಿಲಿಟರಿ ರೈಫಲ್ಲಿಗೂ ಇರುವ ಅಂತರ ಕತ್ತೆಗೂ ಕುದುರೆಗೂ ಇದ್ದಷ್ಟು. ಆ ಅಂತರ ತುಂಬಲು ಪೇಟೆಯಿಂದ ಸಾಮಾನು ತರಬೇಕೆಂದರೆ ಪಿಂಚಣಿಯ ಕೀಲಿ ಮಲಕಮ್ಮನ ಸೊಂಟದಲ್ಲಿ! ಆದ್ದರಿಂದ ಮನೆಯಲ್ಲಿ ಸಿಕ್ಕದ್ದರಲ್ಲೇ ಸೇನೆ ಕಟ್ಟಬೇಕಾಯಿತು. ನಳಿಗೆಯ ಕೆಳಗೆ ಹಿಡಿಯಲು ಗುಂಡನೆಯ ಕಟ್ಟಿಗೆ ಬೇಕಿತ್ತು, ಸಿಕ್ಕಿತು. ಬಂದೂಕಿನ ಕುದುರೆಯ ಹಿಂದೆ ಮುಷ್ಟಿಯಲ್ಲಿ ಕೂಡುವಂಥ ಹಿಡಿ ಬೇಕಿತ್ತು, ಅದೂ ಸಿಕ್ಕಿತು. ಗುರಿ ಹಿಡಿಯಲು ಮೂತಿಯ ಮೇಲೆ ಒಂದು ಬಳೆ, ಹೆಗಲಿಗೆ ಒಂದು ಪಟ್ಟಿ. ಎಲ್ಲವನ್ನೂ ಸ್ಕ್ರೂ ಹೊಡೆದು, ತಂತಿ ಬಿಗಿದು, ಬಾಗಿಲಿಗೆ ಬಳಿದು ಉಳಿದಿದ್ದ ಹಸಿರು ಬಣ್ಣ ಬಳಿದಾಗ, ಆಹಾ! ಕೊಟ್ಟಿಗೆಯ ಎಮ್ಮೆ ಸಹ ಮೆಲುಕು ಹಾಕುವುದನ್ನು ನಿಲ್ಲಿಸಿ ನೋಡಿತು.

ಇನ್ನು ಆರೈಕೆ. ದಿನಾ ಮುಂಜಾನೆ ದಾರಕ್ಕೆ ಅರಿವೆಯ ಚಿಂದಿ ಕಟ್ಟಿ, ಎಣ್ಣೆಯಲ್ಲಿ ಅದ್ದಿ, ನಳಿಗೆಯೊಳಗೆ ಎಳೆದು ತೆಗೆಯುವುದು. ಮಿಲಿಟರಿ ಎಣ್ಣೆ ಎಲ್ಲಿಂದ ತರುವುದು? ಅಡುಗೆಮನೆಯ ಕುಸುಬಿ ಎಣ್ಣೆಯೇ ಗತಿ. ಅದರ ವಾಸನೆಗೆ ಇರುವೆಗಳು ನಳಿಗೆಯೊಳಗೆ ಪಲ್ಟನ್ನು ಕಟ್ಟಿಕೊಂಡು ಕೂತವು! ಅವನ್ನು ಊದಿ ಓಡಿಸುವುದೂ ದಿನದ ಕವಾಯತಿಗೆ ಸೇರಿತು. ಆದರೂ ಬಟ್ಟೆ ಎಳೆಯುವಾಗ ಆ ‘ಸರ್ರ್’ ಸಪ್ಪಳ ಕೇಳಿದರೆ ಭಗವಂತರಾಯನ ಕಣ್ಣು ತಾನಾಗಿ ಮುಚ್ಚುತ್ತಿತ್ತು.

ಇತ್ತ ಮನೆಯೊಳಗೆ ಬೇರೆಯೇ ಯುದ್ಧ.

“ರೀ, ನನ್ನ ಲಟ್ಟಣಿಗಿ ಕಂಡೀರೇನು?”

“ನನಗ್ಯಾಕ ಕಾಣ್ತದ? ನಾ ಏನ್ ಅಡಗಿ ಮಾಡ್ತೀನಿ?”

“ಹಂಗಾರ ಆ ಸರೋಜಾನ ಒಯ್ದಾಳ! ಹೋದ ತಿಂಗಳ ಒಯ್ದಾಕಿ ತಂದು ಕೊಟ್ಟೇ ಇಲ್ಲ!”

ಮಗ್ಗಲು ಮನೆಯ ಸರೋಜಾ ತಂದು ಕೊಟ್ಟಿದ್ದಳು. ಅದು ಭಗವಂತರಾಯನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ರಣರಂಗದಲ್ಲಿ ಗುಟ್ಟು ಬಿಡುವವನು ಸಿಪಾಯಿಯೇ? ಲಟ್ಟಣಿಗೆಯ ಜೊತೆ ಮಾಯವಾದ ಉಳಿದ ಸಾಮಾನೂ ಸರೋಜಾಳ ಲೆಕ್ಕಕ್ಕೇ ಬಿತ್ತು. ಕಟ್ಟೆಯ ಮೇಲೆ ಇಬ್ಬರು ಹೆಂಗಸರ ನಡುವೆ ಮಾತಿನ ತೋಪು ಹಾರಿ, ಎರಡೂ ಮನೆಗಳ ನಡುವೆ ಮಜ್ಜಿಗೆ, ಹೆಪ್ಪು, ಬೆಂಕಿ ಎಲ್ಲದರ ವ್ಯವಹಾರ ಬಂದಾದರೂ ಅವನು ತುಟಿ ಬಿಚ್ಚಲಿಲ್ಲ.

ಮಹಾನವಮಿಯ ಖಂಡೇ ಪೂಜೆ ಬಂತು. ದೇವರ ಮನೆಯ ಮುಂದೆ ಕಂಬಳಿ ಹಾಸಿ ಕುಡಗೋಲು, ಕೊಡಲಿ, ಗುದ್ದಲಿ ಸಾಲಾಗಿ ಇಟ್ಟು, ನಟ್ಟನಡುವೆ ಭಗವಂತರಾಯ ತನ್ನ ಹಸಿರು ರಾಜನನ್ನು ಕೂಡಿಸಿದ. ಮಲಕಮ್ಮ ಬೆರಗಾದಳು.

“ಅಯ್ಯ! ಇದೆಲ್ಲಿಂದ ಬಂತ್ರಿ?”

“ಹಳೇ ದೋಸ್ತ. ಮದ್ದಿಲ್ಲ, ಗುಂಡಿಲ್ಲ, ಬರೇ ಪೂಜಿಗಿ. ಮೊದಲ ಕುಂಕುಮ ಹಚ್ಚು!”

ಗಂಡನ ಮುಖದಲ್ಲಿ ಅಂಥ ಬೆಳಕನ್ನು ಅವಳು ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ಅರಿಸಿನದ ಭಂಡಾರ, ಕುಂಕುಮ ಹಚ್ಚಿದಳು, ಹೂ ಏರಿಸಿದಳು, ಕಾಯಿ ಒಡೆದಳು, ಕರ್ಪೂರ ಬೆಳಗಿದಳು. ಕೊನೆಗೆ ಮೂತಿಗೂ ಕುಂಕುಮ ಹಚ್ಚಲು ಹೋದಾಗ ಬೆರಳು ತಂತಿಯ ಜಾಳಿಗೆಯಲ್ಲಿ ಸಿಕ್ಕಿಕೊಂಡಿತು.

“ಬಂದೂಕಿಗಿ ಜಾಳಿಗಿ ಯಾಕ್ರೀ?”

“ಅದು ಗುರಿ ಹಿಡಿಯಾಕ.”

“ಇದು ನಾ ಚಾ ಸೋಸೋದು! ಮತ್ತ ಇದೇನು?”

“ಹ್ಯಾಂಡ್‌ಗಾರ್ಡ್.”

“ನನ್ನ ಲಟ್ಟಣಿಗಿ! ಇದು?”

“ಪಿಸ್ತೂಲ್ ಗ್ರಿಪ್ಪು.”

“ಕುಕ್ಕರಿನ ಹಿಡಿ! ಅಯ್ಯ ಶಿವನ! ಈ ಪಟ್ಟಿ ನಮ್ಮವ್ವ ಕೊಡಿಸಿದ ಬ್ಯಾಗಿಂದಲ್ಲೇನು? ಬಿಚ್ರಿ! ಈಗಿಂದೀಗ ಬಿಚ್ರಿ! ಮಧ್ಯಾಹ್ನಕ್ಕ ಬೀಗರು ಹೋಳಿಗಿ ಊಟಕ್ಕ ಬರಾಕತ್ಯಾರ!”

ಭಗವಂತರಾಯ ಸ್ಕ್ರೂಡ್ರೈವರ್ ಹುಡುಕಲು ಏಳುತ್ತಿದ್ದಂತೆ ಮಲಕಮ್ಮನೇ ಅವನ ತೋಳು ಹಿಡಿದು ಜಗ್ಗಿದಳು. ಅವಳ ಮುಖ ಇಳಿದುಹೋಗಿತ್ತು. ಪೂಜೆಗೆ ಕೂತ ಆಯುಧವನ್ನು ಮರುದಿನ ದಸರೆಗೆ ಬನ್ನಿ ಮುರಿಯುವತನಕ ಅಲುಗಿಸುವಂತಿಲ್ಲ. ಅತ್ತೆಯ ಕಾಲದಿಂದ ಆ ಮನೆಯಲ್ಲಿ ನಡೆದುಬಂದ ಕಟ್ಟಳೆ. ಕುಂಕುಮ ಹಚ್ಚಿದ್ದು ಅವಳದೇ ಕೈ!

“ಹೋಗ್ರಿ, ಸರೋಜಾನ ಮನಿಗಿ. ನೀವ ಹೋಗಿ ಲಟ್ಟಣಿಗಿ, ಕುಕ್ಕರ ಬೇಡಿ ತರ್ರಿ. ನಾ ಯಾವ ಮುಖ ಹೊತ್ತು ಹೋಗ್ಲಿ?”

ಸರೋಜಾ ಬಾಗಿಲಲ್ಲಿ ಎಲ್ಲ ಕೇಳಿಸಿಕೊಂಡಳು. ನಗಲಿಲ್ಲ.

“ಕಾಕಾ, ಮೊನ್ನಿ ಓಣಿ ತುಂಬ ನಾ ಕಳ್ಳಿ ಆದೆ. ಕಳ್ಳಿ ಮನ್ಯಾಗಿನ ಸಾಮಾನು ನಿಮಗ ಒಗ್ಗತದೇನು?” ಎಂದು ಬಾಗಿಲು ಹಾಕಿಕೊಂಡಳು.

ಮಿಲಿಟರಿ ಭಗವಂತರಾಯ ಮನೆಗೆ ಬಂದು ಧೋತರ ಕಚ್ಚೆ ಬಿಗಿದ. ಬೋಗುಣಿಯಲ್ಲೇ ಬೇಳೆ ಕುದಿಸಿದ, ಹೂರಣ ರುಬ್ಬಿದ, ಎಣ್ಣೆ ಸವರಿದ ಬಾಳೆಎಲೆಯ ಮೇಲೆ ಅಂಗೈಯಲ್ಲೇ ತಟ್ಟಿ ತಟ್ಟಿ ಹೋಳಿಗೆ ಮಾಡಿದ. ಹೊಗೆ ಕುಡಿದ, ಬೆರಳು ಸುಟ್ಟುಕೊಂಡ. ಬೀಗರು ಬರುವಷ್ಟರಲ್ಲಿ ಅವನ ಮೀಸೆಯ ಒಂದು ಪಕ್ಕ ಹಿಟ್ಟು, ಇನ್ನೊಂದು ಪಕ್ಕ ಬೆಲ್ಲ!

ತಿಮ್ಮಣ್ಣ ಕೈಕಾಲು ತೊಳೆದು ನೆಟ್ಟಗೆ ದೇವರ ಮನೆಯ ಮುಂದೆ ಹೋಗಿ ನಿಂತ. ಹೂವಿನ ನಡುವೆ ಕೂತ ರೈಫಲ್ ಕಂಡು ಎರಡೂ ಕೈ ಮುಗಿದ.

“ಶಹಬ್ಬಾಸ್ ಬೀಗರ! ನಾ ನಂಬಿದ್ದಿಲ್ಲ. ಒಮ್ಮಿ ಕೈಯಾಗ ಹಿಡೀಲ್ಯಾ?”

“ಬನ್ನಿ ಮುರಿಯೋತನಾ ಮುಟ್ಟಂಗಿಲ್ರಿ!” ಎಂದ ಭಗವಂತರಾಯ ಗಡಬಡಿಸಿ. ಹೆಂಡತಿಯ ಕಟ್ಟಳೆ ಈಗ ಅವನಿಗೆ ದೇವರು ಕಟ್ಟಿದ ಕೋಟೆಯಂತೆ ಕಂಡಿತು.

“ಹೌದ್ರಿ, ಅದು ಖರೆ. ಹಂಗಾರ ನಾಳಿತನಾ ಇದ್ದೇ ಹೋಗ್ತೀನಿ!”

ಕೋಟೆ ಕುಸಿಯಿತು.

ಮರುದಿನ ಸಂಜೆ ಬನ್ನಿ ಹಂಚಿ, ‘ಬಂಗಾರದಂಗ ಇರೋಣ’ ಎಂದು ಎಲ್ಲರೂ ಕೈ ಮುಗಿದದ್ದಾಯಿತು. ತಿಮ್ಮಣ್ಣ ಹೆಗಲ ಮೇಲಿನ ಟವೆಲು ಕೊಡವಿಕೊಂಡು ಸಿದ್ಧನಾದ. “ಮೊದಲು ನೀವು ಹಿಡೀರಿ ಬೀಗರ. ಮಿಲಿಟರಿಯವ್ರು ಹೆಂಗ ನಿಂದರ್ತಾರ, ನೋಡ್ತೀನಿ.”

ಭಗವಂತರಾಯ ಬಾಗಿ ಎತ್ತಿದ. ಎತ್ತಿದ್ದೇ ತಡ, ಕೈ ತನ್ನ ಜಾಗ ತಾನೇ ಹುಡುಕಿಕೊಂಡಿತು. ಬೆನ್ನು ಸೆಟೆಯಿತು, ಹಿಮ್ಮಡಿ ಕೂಡಿತು, ಕೆನ್ನೆ ಮೆಲ್ಲಗೆ ಕಟ್ಟಿಗೆಗೆ ತಾಗಿತು. ಬೆಲ್ಲದ, ಕುಸುಬಿ ಎಣ್ಣೆಯ ವಾಸನೆಯ ಅಡಿಯಲ್ಲಿ ಎಲ್ಲೋ ಆ ಹಳೆಯ ಚಳಿಯ ಮುಂಜಾವು ಇತ್ತು. ಕಣ್ಣು ಮುಚ್ಚಿದರೆ ಪರೇಡ್ ಮೈದಾನ, ತನ್ನ ಪಕ್ಕ ತನ್ನಂಥವೇ ಸಾಲು ಹೆಗಲು, ಯಾರೂ ಇನ್ನೂ ಯಾರ ಕೈಯಿಂದಲೂ ಏನನ್ನೂ ಕಸಿದುಕೊಂಡಿಲ್ಲ. ತಿಮ್ಮಣ್ಣ ಉಸಿರು ಹಿಡಿದು ನೋಡುತ್ತ ನಿಂತ.

ಅಡುಗೆಮನೆಯಿಂದ ಮಲಕಮ್ಮನ ಕೂಗು ಬಂತು.

“ಏನ್ರೀ! ಬನ್ನಿ ಮುರದಾತಲ್ಲ? ಇನ್ನರ ಆ ರೈಫಲ್ ಒಳಗ ಕೊಡ್ರಿ! ಚಪಾತಿ ಲಟ್ಟಿಸ್ಬೇಕು, ಕುಕ್ಕರ ಇಡ್ಬೇಕು, ಬೀಗರಿಗಿ ಚಾ ಸೋಸ್ಬೇಕು!”

ತಿಮ್ಮಣ್ಣ ಅಡುಗೆಮನೆಯ ಕಡೆ ನೋಡಿದ. ರೈಫಲ್ಲಿನ ಮೂತಿ ನೋಡಿದ, ಹೊಟ್ಟೆ ನೋಡಿದ, ಹಿಡಿ ನೋಡಿದ. ಆಮೇಲೆ ಬಹಳ ಗೌರವದಿಂದ ತಲೆ ಅಲ್ಲಾಡಿಸಿದ.

“ಸೋತೆ ಬೀಗರ! ನಮ್ಮ ಕತ್ತಿ ಮುತ್ತ್ಯಾನ ಕಾಲದಿಂದ ಬರೇ ಗ್ವಾಡಿ ಮ್ಯಾಲ ತೂಗಾಕತ್ತದ. ನಿಮ್ಮ ರೈಫಲ್ ಎರಡೂ ಹೊತ್ತು ಸಂಸಾರ ನಡಸ್ತದ!”