ನೆಲ ಮುಟ್ಟದ ಬೂಟು

ಅಮಸಿದ್ದನ ಅಂದಿನ ಕಷ್ಟಕ್ಕೆಲ್ಲ ಮೂಲ ಒಂದು ಜೊತೆ ಬೂಟು. ಕರಿಯ ಬಣ್ಣದ್ದು, ಮುಂದೆ ಕಬ್ಬಿಣದ ತಗಡು ಕೂಡಿಸಿದ್ದು, ಒಂದೊಂದೂ ಎಳೆಗರುವಿನ ತಲೆಯಷ್ಟು ಭಾರ. ಅವನ ಪಾದ ಏಳನೆಯ ಸೈಜಿನದು; ಮೇಲಿನ ಕಚೇರಿಯಿಂದ ಬಂದದ್ದು ಹತ್ತನೆಯ ಸೈಜು. ಉಳಿದ ಜಾಗಕ್ಕೆ ಅವನು ಹಳೆಯ ಪಹಣಿ ಕಾಗದ ತುರುಕಿದ್ದ. ಹೀಗಾಗಿ ನಡೆದಾಗಲೆಲ್ಲ ಯಾರದೋ ಹೊಲ ಅವನ ಕಾಲಡಿ ಕರಕರ ಎನ್ನುತ್ತಿತ್ತು.

ಅಮಸಿದ್ದ ಮುದ್ದೇಬಿಹಾಳದಲ್ಲಿ ಸರಕಾರಿ ಸರ್ವೇಯರ್. ಮನೆ ಮಾತ್ರ ಇಂಡಿ ತಾಲೂಕಿನ ಲಚ್ಯಾಣದಲ್ಲಿ. ಹೆಂಡತಿ ಸುಜಾತಾ, ತಾಯಿ ತಿಪ್ಪವ್ವ, ಈಗಷ್ಟೇ ಶಾಲೆ ಸೇರಿದ ಮಗಳು ಎಲ್ಲರೂ ಅಲ್ಲಿ. ಇವನು ಇಲ್ಲಿ ಬಾಡಿಗೆ ಖೋಲಿಯಲ್ಲಿ, ತಾನೇ ಬೇಯಿಸಿದ ಅನ್ನವನ್ನು ತಾನೇ ಬೈದುಕೊಂಡು ಉಣ್ಣುತ್ತ ಐದು ವರ್ಷ ಕಳೆದಿದ್ದ. ಇಂಡಿಗೆ ವರ್ಗ ಕೇಳಿ ಅವನು ಕೊಟ್ಟ ಅರ್ಜಿಗಳನ್ನು ಸಾಲಾಗಿ ಹಾಸಿದ್ದರೆ ಅವುಗಳ ಮೇಲೆಯೇ ನಡೆದು ಅರ್ಧ ದಾರಿಯ ಸಿಂದಗಿ ಮುಟ್ಟಬಹುದಿತ್ತು. ಈ ಸಲ ದೇವರು ಕಣ್ಣು ತೆರೆದಿದ್ದ. ಪಟ್ಟಿಯಲ್ಲಿ ಹೆಸರು ಬಂದಿತ್ತು. ಷರತ್ತು ಒಂದೇ. ಅವನ ತಲೆಯ ಮೇಲೆ ಬಾಕಿ ಉಳಿದ ಕೊನೆಯ ಅಳತೆ ಇವತ್ತು ಸಂಜೆ ಐದರೊಳಗೆ ಮುಗಿದು ಕಂಪ್ಯೂಟರಿಗೆ ಏರಬೇಕು. ಇಲ್ಲವಾದರೆ ಆ ಜಾಗ ಪಟ್ಟಿಯಲ್ಲಿ ಕೆಳಗಿದ್ದವನ ಪಾಲು.

ಅಳತೆ ಮೊದಲಿನಂತೆ ಇರಲಿಲ್ಲ. ಎಲ್ಲಿಯೋ ಒಬ್ಬ ಸರ್ವೇಯರ್ ಯಂತ್ರ ನೋಡುತ್ತ ಹಿಂದೆ ಹಿಂದೆ ಸರಿದು ಬಾವಿಗೆ ಬಿದ್ದ ಮೇಲೆ ಹೊಸ ನಿಯಮ ಬಂದಿತ್ತು. ತಲೆಗೆ ಹೆಲ್ಮೆಟ್, ಮೈಗೆ ಮಿಂಚುವ ಕಿತ್ತಳೆ ಜಾಕೀಟು, ಕಾಲಿಗೆ ಬೂಟು. ಮೂರನ್ನೂ ತೊಟ್ಟು ಹೊಲದ ನಡುವೆ ನಿಂತ ಫೋಟೋ ಮೇಲ್ವಿಚಾರಕಿ ದಾನೇಶ್ವರಿ ಮೇಡಂ ಅವರಿಗೆ ಮುಟ್ಟಬೇಕು. ಅವರು ಹೂಂ ಅಂದರಷ್ಟೇ ಅಳತೆ ಅಳತೆ.

ಇನ್ನು ಅಳತೆಯ ತಾರೀಕು. ಅದನ್ನು ಹಾಕಿದ್ದು ಕಂಪ್ಯೂಟರು. ಕಂಪ್ಯೂಟರಿಗೆ ಎಳ್ಳಮಾಸಿ ಗೊತ್ತಿಲ್ಲ.

ತಾಳಿಕೋಟೆ ರಸ್ತೆಯ ಆ ಹೊಲಕ್ಕೆ ಅಮಸಿದ್ದ ಮೋಟಾರ್ ಸೈಕಲ್ ಮೇಲೆ ಬಂದು ಇಳಿದಾಗ ಇಡೀ ಸೀಮೆ ಹೊಲದಲ್ಲಿ ಕೂತು ಉಣ್ಣುತ್ತಿತ್ತು. ಬಿಳಿಜೋಳ ಹೊಡೆ ತುಂಬುವ ಹೊತ್ತು. ಭೂಮಿತಾಯಿ ಬಸುರಿ ಎಂದು ಬಗೆದು, ಬನ್ನಿಯ ಬುಡದಲ್ಲಿ ಪೂಜೆ ಮಾಡಿ, ಹೊಲಕ್ಕೆಲ್ಲ ಚರಗದ ಎಡೆ ಚೆಲ್ಲಿ ಉಣ್ಣುವ ಎಳ್ಳ ಅಮಾವಾಸ್ಯೆಯ ಹಬ್ಬ. ಅಳೆಯಬೇಕಾದ ಒಡ್ಡಿನ ಈಚೆ ರೇವಪ್ಪನ ಮನೆಯವರು, ಆಚೆ ಅವನ ಚಿಕ್ಕಪ್ಪನ ಮಗ ಹಣಮಂತ್ರಾಯನ ಮನೆಯವರು. ನಡುವಿನ ಗಡಿಕಲ್ಲು ಕಾಣೆಯಾದ ದಿನದಿಂದ ಎಂಟು ವರ್ಷ ಇಬ್ಬರಿಗೂ ಮಾತಿಲ್ಲ.

"ಬರ್ರಿ ಸಾಹೇಬ್ರ, ಮೊದಲ ಊಟ," ಎಂದ ರೇವಪ್ಪ.

ಒಡ್ಡಿನ ಆಚೆಯಿಂದ ಹಣಮಂತ್ರಾಯ ಜೋಳದ ಗಿಡಕ್ಕೆ ಹೇಳಿದಂತೆ ಹೇಳಿದ, "ಅಲ್ಲಿ ಉಂಡವರು ಇಲ್ಲೂ ಉಣಬೇಕಾಗ್ತೈತಿ."

ಅಮಸಿದ್ದ ಎರಡೂ ಕಡೆ ಉಂಡ. ಎರಡನೆಯ ಪಂಕ್ತಿಯಲ್ಲಿ ಹಣಮಂತ್ರಾಯ ಕೇಳಿದ, "ಅಲ್ಲಿ ಶೇಂಗಾ ಹೋಳಿಗಿ ಎಷ್ಟ ಉಂಡ್ರಿ?"

"ನಾಕ್ರಿ."

"ಹಂಗಾದ್ರ ಇಲ್ಲಿ ಐದು."

"ಐದು ಉಂಡ್ರ ಅವರು ತಕರಾರ ಅರ್ಜಿ ಕೊಡ್ತಾರ್ರಿ," ಎಂದು ಅಮಸಿದ್ದ ಕೈ ಮುಗಿದ. ಎಂಟು ಹೋಳಿಗೆಯ ಭಾರದಲ್ಲಿ ಎದ್ದು, ಹೆಲ್ಮೆಟ್ ಹಾಕಿ, ಜಾಕೀಟು ತೊಟ್ಟು, ಬೂಟಿನ ಲಾಡಿ ಕಟ್ಟಿ ಒಡ್ಡಿನ ಕಡೆ ಒಂದು ಹೆಜ್ಜೆ ಇಟ್ಟ.

"ತಮ್ಮಾ, ನಿಂದರು."

ಬನ್ನಿಗಿಡದ ಕೆಳಗೆ ಕೂತಿದ್ದ ರೇವಪ್ಪನ ತಾಯಿ ಗುರವ್ವನ ದನಿ ಅದು. ಎಂಬತ್ತು ದಾಟಿದ ಜೀವ. ದನಿ ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ.

"ನಾವೆಲ್ಲಾ ಬರಿಗಾಲಾಗ ಅದೇವಿ, ನೋಡಿದೇನು? ತಾಯಿ ಬಸರ ಅದಾಳ. ಬಸರ ಹೆಣ್ಣಮಗಳ ಹೊಟ್ಟಿ ಮ್ಯಾಲ ಕಬ್ಬಿಣದ ಬೂಟ ಇಟ್ಟ ನಡಿತಿಯೇನಪಾ?"

"ಯವ್ವಾ, ಸರಕಾರದ ನಿಯಮ ಐತಬೇ."

"ಇರ್ಲೆಪಾ. ನಿನ್ನ ಸರಕಾರ ಐದು ವರ್ಷಕ್ಕೊಮ್ಮೆ ಬರ್ತೈತಿ. ಈಕಿ ದಿನಾ ಉಣಸ್ತಾಳ."

ಅಮಸಿದ್ದ ಲಚ್ಯಾಣದ ಮಠದ ನೆರಳಲ್ಲಿ ಬೆಳೆದವನು. ಮುದುಕಿಯ ಮಾತು ಅವನ ಎದೆಗೆ ನೇರ ಮುಟ್ಟಿತು. ಬೂಟು ಕಳಚಿ ದಾನೇಶ್ವರಿ ಮೇಡಂಗೆ ವಿಡಿಯೋ ಫೋನು ಹಚ್ಚಿದ.

"ಅಮಸಿದ್ದ ಅವ್ರ, ಕಾಲು ತೋರಸ್ರಿ," ಎಂದರು ಮೇಡಂ.

ಅವನು ಪರದೆಯಲ್ಲಿ ಬರಿಗಾಲು ತೋರಿಸಿ ಸಂಗತಿ ಹೇಳಿದ. ಮೇಡಂ ನಿಟ್ಟುಸಿರು ಬಿಟ್ಟರು. "ನಂಗೂ ಎಳ್ಳಮಾಸಿ ಐತ್ರಿ. ಮನ್ಯಾಗ ಎಲ್ಲಾರೂ ಹೊಲಕ್ಕ ಹೋಗ್ಯಾರ, ನಾ ಇಲ್ಲಿ ನಿಮ್ಮ ಕಾಲ ನೋಡಕೋತ ಕುಂತೇನಿ. ನಾಳೆ ನಿಮಗ ಹಾವು ಮುಟ್ಟಿದ್ರ ನಿಮ್ಮ ಮನಿಯವರಿಗೆ ನಾ ಏನ ಹೇಳ್ಲಿ? ಬೂಟ ಇಲ್ಲಂದ್ರ ಅಳತಿ ಇಲ್ಲ."

ಫೋನು ಕಟ್ಟಾಯಿತು. ಗಂಟೆ ಒಂದೂವರೆ. ಒಂದು ಕಡೆ ಬಸುರಿ ತಾಯಿ, ಒಂದು ಕಡೆ ಮೇಡಂ, ನಡುವೆ ಇಂಡಿ. ಅಮಸಿದ್ದ ಬೂಟನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟ.

ಆಗ ಬಾಜೂ ಹೊಲದ ಮಾಳಿಂಗ ಬಂದ. ಮಂದಿಯ ತಂಟೆ ಎಲ್ಲಿ ಇದೆಯೋ ಅಲ್ಲಿಗೆ ಕರೆಯದೆ ಬರುವ ಗುಣ ಅವನದು. ಎರಡೂ ಕಡೆಯ ಮಾತು ಕೇಳಿ, ಎರಡೂ ಕಡೆ ಒಂದೊಂದು ಹೋಳಿಗೆ ತಿಂದು, ತೀರ್ಪು ಕೊಟ್ಟ. "ಬೂಟ ಕಾಲಾಗ ಇರಬೇಕು, ನೆಲ ಮುಟ್ಟಬಾರದು. ಇಷ್ಟ ಹೌದಿಲ್ಲೋ? ಗುಡಿಸಲದಾಗ ಹೊರಸ ಐತಿ. ನಾಕ ಮಂದಿ ಹೊರ್ರಿ, ಸಾಹೇಬ್ರು ಮ್ಯಾಲ ಕುಂತ ಅಳೀಲಿ."

ಗುರವ್ವ ಸ್ವಲ್ಪ ಯೋಚಿಸಿ, "ಅದಕ್ಕ ನನ್ನ ತಕರಾರಿಲ್ಲ," ಎಂದಳು.

ಸಾಹೇಬರಿಗೆಂದು ತರಿಸಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಹೊರಸೆಂಬ ಹಗ್ಗದ ಮಂಚದ ಮೇಲಿಟ್ಟು ಅಮಸಿದ್ದನನ್ನು ಏರಿಸಿದರು. ಹಿಂದಿನ ಎರಡು ಮೂಲೆಗೆ ರೇವಪ್ಪನ ಅಳಿಯ, ಹಣಮಂತ್ರಾಯನ ಭಾವಮೈದುನ ಹೆಗಲು ಕೊಟ್ಟರು. ಮುಂದಿನ ಮೂಲೆಗಳನ್ನು ಅಣ್ಣತಮ್ಮಂದಿರು ಯಾರಿಗೂ ಬಿಡಲಿಲ್ಲ. ಬಿಟ್ಟರೆ ಎದುರಿನವನು ಹೊರಸನ್ನು ತನ್ನತ್ತ ಎಳೆದು ಗಡಿಯನ್ನೇ ಸರಿಸಿಯಾನು ಎಂಬ ಗುಮಾನಿ.

ಅಮಸಿದ್ದ ಮೇಲಿನಿಂದಲೇ ಮೇಡಂಗೆ ಬೂಟು ತೋರಿಸಿದ.

"ನೀವು ನೆಲದಿಂದ ಎಷ್ಟ ಎತ್ತರ ಅದೀರಿ?" ಎಂದರು ಅವರು.

"ಐದ ಅಡಿ ಆಗಬಹುದ್ರಿ."

"ಹಂಗಾದ್ರ ಅದು ಎತ್ತರದ ಕೆಲಸ. ಬೆಲ್ಟ ಕಟ್ಟಬೇಕ್ರಿ."

ಬೆಲ್ಟು ಎಲ್ಲಿಂದ ಬರಬೇಕು? ಮಾಳಿಂಗ ಎತ್ತಿನ ಹಗ್ಗ ತಂದು ಅವನನ್ನು ಎದೆಗೂ ಸೊಂಟಕ್ಕೂ ಸುತ್ತಿ ಕುರ್ಚಿಗೆ ಬಿಗಿದ. ಮೇಡಂ ಫೋಟೋ ತೆಗೆಸಿಕೊಂಡು, "ಆತು, ನಡೀರಿ," ಎಂದರು. ಏರಿ ಹೊರಟ ಜೀವಕ್ಕೆ ಕೇಡಾಗದಿರಲಿ ಎಂದು ಗುರವ್ವ ಅವನ ಹಣೆಗೆ ವಿಭೂತಿ ಹಚ್ಚಿಸಿ, ಪೂಜೆಯ ಚೆಂಡುಹೂವಿನ ಮಾಲೆ ಕೊರಳಿಗೆ ಹಾಕಿಸಿದಳು.

ಮೆರವಣಿಗೆ ಹೊರಟಿತು. ಕೈಯಲ್ಲಿ ಅಳತೆಯ ಯಂತ್ರ ಕಟ್ಟಿದ ಉದ್ದ ಕೋಲು. ಮೂಲೆ ಬಂದಲ್ಲಿ ಅದನ್ನು ಮೇಲಿನಿಂದ ನೆಲಕ್ಕೆ ಊರುವುದು, ಯಂತ್ರ ಚಿಲಿಪಿಲಿ ಎಂದಾಗ ಎತ್ತುವುದು.

"ಸಾಹೇಬ್ರ," ಎಂದ ರೇವಪ್ಪ ಮುಂದೆ ನೋಡುತ್ತ, "ಬಾಜೂದವರಿಗೆ ಹೇಳ್ರಿ, ತೆಗ್ಗ ಐತಿ ಅಂತ."

"ಹಣಮಂತ್ರಾಯ ಅವ್ರ, ತೆಗ್ಗ ಐತಂ..."

ಮಾತು ಮುಗಿಯುವ ಮೊದಲೇ ಹಣಮಂತ್ರಾಯ ತಗ್ಗಿನಲ್ಲಿದ್ದ. ಹೊರಸು ಒಂದು ಬದಿಗೆ ವಾಲಿತು. ಹಗ್ಗ ಇಲ್ಲದಿದ್ದರೆ ಅಮಸಿದ್ದ ಬದನೆಯ ಸಾಲಿನಲ್ಲಿ ಬೀಳುತ್ತಿದ್ದ. ದಾನೇಶ್ವರಿ ಮೇಡಂ ಬಗ್ಗೆ ಅವನಿಗೆ ಮೊದಲ ಸಲ ಭಕ್ತಿ ಮೂಡಿತು.

ಆದರೆ ದೂರದಿಂದ ನೋಡುವವರ ಕಣ್ಣಿಗೆ ಇದು ಬೇರೆಯೇ ಆಗಿತ್ತು. ಕೂಡಿಸಿ ಬಿಗಿದ ದೇಹ, ಹಣೆಗೆ ವಿಭೂತಿ, ಕೊರಳಿಗೆ ಹೂ, ನಾಲ್ಕು ಹೆಗಲು. ನಮ್ಮ ಕಡೆ ಸತ್ತವರನ್ನು ಕೂಡಿಸಿ ಒಯ್ದು ಕೂಡಿಸಿಯೇ ಹೂಳುವುದು; ಮನುಷ್ಯ ಹೀಗೆ ಹೋಗುವುದು ಒಮ್ಮೆಯೇ. ಸುತ್ತಲಿನ ಹೊಲದವರು ಉಣ್ಣುವ ಕೈ ತೊಳೆದು ಎದ್ದರು. ಯಾರೋ ತಾಳ ತಂದರು, ಯಾರೋ ಭಜನೆ ಎತ್ತಿದರು, ಹಿಂದಿನಿಂದ ಚುರಮರಿ ತೂರಿದರು. ಆಡು ಹೊಡೆದುಕೊಂಡು ಬರುತ್ತಿದ್ದ ಸೈದಾಬಿ ದಾರಿಯಲ್ಲೇ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಯಾ ಅಲ್ಲಾ, ಎಷ್ಟ ಸಣ್ಣ ವಯಸ್ಸು. ಮಾರಿ ಮ್ಯಾಲಿನ ಕಳಾನೂ ಹೋಗಿಲ್ಲ ನೋಡ್ರಿ."

ಅಮಸಿದ್ದ ಹೆಲ್ಮೆಟ್ ತಿರುಗಿಸಿ, "ನಾ ಇನ್ನೂ ಅದೇನಬೇ," ಎಂದ.

ಸೈದಾಬಿ ಎದ್ದು ಓಡಿದ ರಭಸಕ್ಕೆ ಆಡುಗಳೇ ಹಿಂದೆ ಉಳಿದವು. ಅವು ಬೆದರಿ ಹೊರಸಿನ ಅಡಿಯಲ್ಲಿ ನುಗ್ಗಿದವು.

"ಹಣಮ್ಯಾ, ನಿನ್ನ ಕಾಲಾಗ ಆಡು," ಎಂದ ರೇವಪ್ಪ ಒಮ್ಮೆಲೆ.

"ಕಂಡೈತಿ ಅಣ್ಣಾ, ನೀ ಗಟ್ಟಿ ಹಿಡಿ."

ಆಡುಗಳು ದಾಟಿಹೋದವು. ಇಬ್ಬರೂ ನಿಂತರು. ತಮ್ಮ ಬಾಯಿಂದ ಏನು ಬಂತೆಂದು ಆಗ ತಿಳಿಯಿತು ಇಬ್ಬರಿಗೂ. ಹೊರಸು ಮತ್ತೆ ನಾಲ್ಕು ಹೆಜ್ಜೆ ಮುಂದೆ ಸಾಗಿತು. ಆಮೇಲೆ ಹಣಮಂತ್ರಾಯ, "ನಿನ್ನ ಹೆಗಲ ನೋವು ಈಗ ಹೆಂಗೈತಿ?" ಎಂದ. ರೇವಪ್ಪ, "ಚಳಿಗಾಲಕ್ಕ ಬರ್ತೈತಿ, ಹೋಗ್ತೈತಿ," ಎಂದ. ಮೇಲೆ ಕೂತ ಅಮಸಿದ್ದ ಯಂತ್ರದ ಪರದೆಯನ್ನೇ ದಿಟ್ಟಿಸಿದ. ಆ ಹೊತ್ತಿನಲ್ಲಿ ಕೆಳಗೆ ನೋಡುವುದು ಸರಿಯೆನಿಸಲಿಲ್ಲ.

ಲೆಕ್ಕ ಬಂತು. ಎಂಟು ವರ್ಷ ಜಗಳಾಡಿದ ನೆಲದ ಅಗಲ ಒಂದು ಗೇಣು.

ಗುರವ್ವ ಕೇಳಿ ನಕ್ಕಳು. "ಒಂದು ಗೇಣ ಜಾಗಾ. ನಾಳೆ ನಾ ಹೋದ್ರ ನನ್ನ ಕೂಡಸಾಕೂ ಸಾಲಂಗಿಲ್ಲ ಅದು."

ಅಣ್ಣತಮ್ಮಂದಿರು ತಲೆ ತಗ್ಗಿಸಿ ಕಾಗದಕ್ಕೆ ಸಹಿ ಹಾಕಿದರು. ಮೂರೂವರೆಗೆ ಅಳತೆ ಕಂಪ್ಯೂಟರಿಗೆ ಏರಿತು. ಮೇಡಂ ಹೂಂ ಅಂದರು. ಗುರವ್ವ ಖುಷಿಗೆ ಇನ್ನೊಂದು ಎಳ್ಳುರೊಟ್ಟಿ, ಮೇಲೆ ಮೆಣಸಿನಕಾಯಿಯ ಕೆಂಪು ಹಿಂಡಿ ಹಚ್ಚಿ ಕೊಟ್ಟಳು. ಆ ಖಾರ ಅಮಸಿದ್ದನ ನೆತ್ತಿಗೆ ಏರುವುದಕ್ಕೂ ಕಚೇರಿಯ ಗುಮಾಸ್ತ ಯಾಸೀನನ ಫೋನು ಬರುವುದಕ್ಕೂ ಸರಿಯಾಯಿತು. ಕೈಯೆಲ್ಲ ಎಣ್ಣೆ, ಫೋನನ್ನು ಗಟ್ಟಿಯಾಗಿ ಕೇಳುವಂತೆ ಕೆಳಗಿಟ್ಟ.

"ಅಮಸಿದ್ದಣ್ಣ, ನಿಮ್ಮ ವರ್ಗಾದ ಆರ್ಡರ್ ರೆಡಿ ಐತಿ. ಸಾಹೇಬರ ಸಹಿ ಒಂದ ಬಾಕಿ. ಐದಕ್ಕ ಬಸ್ ಸ್ಟ್ಯಾಂಡಿಗೆ ತಂದ ಕೊಡ್ತೇನಿ. ಇವತ್ತ ಮುದ್ದೇಬಿಹಾಳದ್ದು ಋಣ ಹರೀತು ನೋಡ್ರಿ."

ಅಮಸಿದ್ದನಿಗೆ ಉತ್ತರಿಸಲು ಆಗಲಿಲ್ಲ. ಬಾಯಲ್ಲಿ ರೊಟ್ಟಿ, ಕಣ್ಣಲ್ಲಿ ಧಾರಾಕಾರ ನೀರು. ರೇವಪ್ಪ ಹಣಮಂತ್ರಾಯನ ಮುಖ ನೋಡಿದ. ಇಬ್ಬರೂ ಎದ್ದು ಬನ್ನಿಗಿಡದ ಹಿಂದೆ ಹೋಗಿ ತಲೆಗೆ ತಲೆ ಹಚ್ಚಿ ಮಾತಾಡತೊಡಗಿದರು. ಅಣ್ಣತಮ್ಮಂದಿರು ಹೀಗೆ ಕೂಡಿ ಮಾತಾಡುವುದನ್ನು ಕಂಡು ಅಮಸಿದ್ದನಿಗೆ ಎದೆ ತುಂಬಿ ಬಂತು.

ಐದು ಗಂಟೆಗೆ ಮುದ್ದೇಬಿಹಾಳ ಬಸ್ ನಿಲ್ದಾಣದಲ್ಲಿ ಅವನು ಟ್ರಂಕಿನ ಮೇಲೆ ಕೂತಿದ್ದ. ಖೋಲಿಯ ಬೀಗದ ಕೈ ಮಾಲೀಕನಿಗೆ ಕೊಟ್ಟಾಗಿತ್ತು; ಇಂಡಿಯ ಬಸ್ಸು ನಿಂತಿತ್ತು. ಯಾಸೀನ ಬಂದ, ಬರಿಗೈಯಲ್ಲಿ. ಅವನು ಬಾಯಿ ತೆರೆಯುವ ಮೊದಲೇ ಒಂದೇ ಮೋಟಾರ್ ಸೈಕಲ್ ಮೇಲೆ ರೇವಪ್ಪ, ಹಣಮಂತ್ರಾಯ ಬಂದಿಳಿದರು.

"ಟ್ರಂಕ ಹೊಳ್ಳಿ ಖೋಲಿಗೆ ಒಯ್ರಿ ಸಾಹೇಬ್ರ," ಎಂದ ರೇವಪ್ಪ. "ನಿಮ್ಮನ್ನ ಯಾರೂ ಎತ್ತಾಕ ಆಗಂಗಿಲ್ಲ. ವರ್ಗಾ ರದ್ದ ಮಾಡಿಸೇವಿ."

ಅಮಸಿದ್ದ ಯಾಸೀನನನ್ನು ನೋಡಿದ. ಯಾಸೀನ ನೆಲ ನೋಡಿದ. "ಖರೇನಣ್ಣ. ಮ್ಯಾಲಿಂದ ಫೋನ್ ಬಂತು. ಸಾಹೇಬರು ಸಹಿ ಮಾಡದ ಹರದ ಒಗದ್ರು."

"ನನ್ನ ಬೀಗರು ಆ ಮ್ಯಾಲಿನ ಸಾಹೇಬರ ಜೋಡಿ ಸಾಲಿ ಕಲ್ತಾರ್ರಿ," ಎಂದ ಹಣಮಂತ್ರಾಯ. "ಅಣ್ಣ ಅಂದ, ಹಂತಾ ಮನುಷ್ಯಾ ವರ್ಗಾದ ಸುದ್ದಿ ಕೇಳಿ ಉಣ್ಣೋ ರೊಟ್ಟಿ ಮ್ಯಾಲ ಕಣ್ಣೀರ ಹಾಕಿದ, ಅಷ್ಟ ದೂರ ಒಗೀಬೇಕಂದ್ರ ಏನ ತಪ್ಪ ಮಾಡಿದ ಅಂತ. ಎಂಟ ವರ್ಷದಾಗ ನಾವಿಬ್ರೂ ಕೂಡಿ ಮಾಡಿದ್ದು ಇದೊಂದ ಕೆಲಸರಿ."

"ನಾನ ಕೇಳಿದ್ದೆ," ಎಂದ ಅಮಸಿದ್ದ ಸಣ್ಣ ದನಿಯಲ್ಲಿ. "ಇಂಡಿಗೆ ಹಾಕ್ರಿ ಅಂತ ನಾನ ಕೇಳಿದ್ದೆ."

"ನಿಮ್ಮದು ದೊಡ್ಡ ಮನಸು. ಯಾರ ಮ್ಯಾಲೂ ತಪ್ಪ ಹೊರಸಂಗಿಲ್ಲ," ಎಂದು ರೇವಪ್ಪ ಅವನ ಬೆನ್ನು ಸವರಿದ.

ಆಗ ಫೋನು ರಿಂಗಾಯಿತು. ಪರದೆಯ ಮೇಲೆ ಸುಜಾತಾ ಎಂಬ ಹೆಸರು. ಅಮಸಿದ್ದ ಅದನ್ನು ನೋಡುತ್ತ ಕೂತ, ಎತ್ತುವ ಧೈರ್ಯವಾಗಲಿಲ್ಲ. ಬೇಸರದಲ್ಲಿದ್ದ ಮನುಷ್ಯನಿಗೆ ನೆರವಾಗಲೆಂದು ರೇವಪ್ಪ ತಾನೇ ಎತ್ತಿದ.

"ತಂಗೀ, ಇಲ್ಲದ ಚಿಂತಿ ಬಿಡು. ನಾವ ಅಣ್ಣತಮ್ಮಂದಿರು ಜೀವಂತ ಇರೋ ತನಕ ನಿನ್ನ ಗಂಡನ್ನ ಈ ಮುದ್ದೇಬಿಹಾಳ ಬಿಟ್ಟು ಯಾರೂ ಅಲ್ಲಾಡಸಾಕ ಆಗಂಗಿಲ್ಲ."

ಆ ಕಡೆಯಿಂದ ಸುಜಾತಾ ಏನು ಹೇಳಿದಳೋ. ರೇವಪ್ಪ ಬಹಳ ಹೊತ್ತು ಕೇಳಿಸಿಕೊಂಡ. ಅವನ ಮುಖದ ನಗೆ ಮೆಲ್ಲಗೆ ಇಳಿಯಿತು. ಇಂಡಿಯ ಬಸ್ಸು ಹಿಂದೆ ಸರಿದು, ತಿರುಗಿ, ತಾಳಿಕೋಟೆ ರಸ್ತೆ ಹಿಡಿಯಿತು.

ರೇವಪ್ಪ ಫೋನನ್ನು ಎರಡೂ ಕೈಯಿಂದ ಅಮಸಿದ್ದನ ಮುಂದೆ ಹಿಡಿದು, "ನಿಮಗ ಕೊಡು ಅನ್ನಾಕತ್ತಾರ್ರಿ," ಎಂದ.