ಕಾಡುಹಂದಿ ಅಲ್ಲವೆಂಬ ಪ್ರಮಾಣಪತ್ರ

ಕಾಡುಹಂದಿಯ ಮಾಂಸ ತಿನ್ನುವುದು ಅಪರಾಧ. ಅದರ ರುಚಿ ತಿಂದವರಿಗೆ ಮಾತ್ರ ಗೊತ್ತು. ಈ ಎರಡು ಮಾತುಗಳನ್ನು ರಾಣೆಬೆನ್ನೂರಿನ ವನ್ಯಮಾಂಸ ನಿರ್ಣಯ ಕಚೇರಿಯ ಗೋಡೆಯ ಮೇಲೆ ಒಂದರ ಕೆಳಗೊಂದು ಬರೆಸಲಾಗಿದೆ. ಅವೆರಡರ ನಡುವೆ ಯಾವ ತಕರಾರೂ ಇಲ್ಲ.

ಶ್ರಾವಣ ಮುಗಿದ ಮೊದಲ ಭಾನುವಾರ ಹಲಗೇರಿ ರಸ್ತೆಯ ಮಂಗಳವ್ವನ ಖಾನಾವಳಿಯ ಮೇಲೆ ದೂರು ಬಂತು. ಅಲ್ಲಿಯ ಹಂದಿ ಸಾರು, ಸಾಕಿದ ಹಂದಿಯದಾಗಿರಲು ಸಾಧ್ಯವಿಲ್ಲದಷ್ಟು ರುಚಿಯಾಗಿದೆ ಎಂಬುದು ದೂರು. ನಿರ್ಣಯಾಧಿಕಾರಿ ಶಶಿಕಾಂತ ಒಲೆಯ ಮೇಲಿದ್ದ ಡಬರಿಯನ್ನು ಮುಚ್ಚಳಸಮೇತ ಜಪ್ತಿ ಮಾಡಿದರು. ಸಾಕ್ಷ್ಯಕ್ಕೆ ಒತ್ತಾಸೆಯಾಗಿ ಇಪ್ಪತ್ತು ಜೋಳದ ರೊಟ್ಟಿಗಳನ್ನೂ ಜಪ್ತಿ ಮಾಡಿದರು.

"ಕಾಡಹಂದಿ ಅಂತ ಆದ್ರ ಖಾನಾವಳಿಗೆ ಕೀಲಿ ಬೀಳತೈತಿ, ಮಂಗಳವ್ವಾ."

"ಇಪ್ಪತ್ತೆರಡು ವರ್ಷ ಒಬ್ಬಾಕಿನ ನಡಸೇನ್ರಿ ಸಾಹೇಬ್ರ. ಹಂದಿ ಸಾಕಿದ್ದು. ರುಚಿ ನನ್ನ ಕೈದು."

"ರುಚಿ ಯಾರದು ಅನ್ನೂದು ಕಚೇರಿ ಹೇಳತೈತಿ."

ನಿಯಮ ಒಂಬತ್ತರಂತೆ, ಕಾಡುಹಂದಿಯ ರುಚಿ ಬಲ್ಲವರು ಮಾದರಿಯನ್ನು ನಾಲಿಗೆಯಿಂದ ಪರೀಕ್ಷಿಸಬೇಕು. ಕಚೇರಿಗೆ ಮರಳಿ, ಬಲ್ಲವರು ಯಾರೆಂದು ಶಶಿಕಾಂತ ಕೇಳಿದರು. ಸಿಬ್ಬಂದಿಯೆಲ್ಲ ಫ್ಯಾನು ನೋಡಿದರು. ಬಲ್ಲವರಿಲ್ಲವೆಂದು ದಾಖಲಿಸಿ, ಅರಿಯದವರಿಂದಲೇ ಪರೀಕ್ಷೆ ಆರಂಭಿಸಲಾಯಿತು.

ಮೊದಲು ಜವಾನ ಉಡಚಪ್ಪ ಒಂದು ತುಂಡು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದ. "ಇದು ಕಾಡಹಂದಿ ಅಲ್ರಿ. ಅದರ ತೊಗಲು ಹಲ್ಲಿಗೆ ಹಿಂಗ ಸೋಲೂದಿಲ್ಲ."

"ನಿನಗ ಹೆಂಗ ಗೊತ್ತು?"

"ಕೇಳೇನ್ರಿ."

ಗುಮಾಸ್ತೆ ನಿರ್ಮಲಾ ಎರಡು ತುಂಡು ಪರೀಕ್ಷಿಸಿದರು. "ಖರೇ ಐತ್ರಿ ಸರ್. ಕಾಡಹಂದಿ ಆದ್ರ ಕಟ್ಟಿಗಿ ಒಲಿ ಮ್ಯಾಲ ಮೂರು ತಾಸು ಬೇಯಬೇಕು. ಕುಕ್ಕರ್ ನಡಿಯಂಗಿಲ್ಲ. ಹಂಗಂತ ಕೇಳೇನಿ."

ಶಶಿಕಾಂತ ರೊಟ್ಟಿ ಮುರಿದರು. "ಕೊಬ್ಬರಿನೂ ಹಾಕೂದಿಲ್ಲ. ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು. ಎಣ್ಣಿ ಒಂದು ಹನಿ ಬ್ಯಾಡ, ತನ್ನ ಕೊಬ್ಬಿನ್ಯಾಗ ತಾನ ಬೇಯತೈತಿ. ಕಡೀಕ ಹುಣಸಿ ಹುಳಿ." ತುತ್ತು ನುಂಗಿ ಸೇರಿಸಿದರು: "ನಾನೂ ಕೇಳೇನಿ."

ಡಬರಿಯ ಹಿಂದೆಯೇ ಬಂದು ಬಾಗಿಲ ಬಳಿ ನಿಂತಿದ್ದ ಮಂಗಳವ್ವ ಅಲ್ಲಿಯವರೆಗೆ ತುಟಿ ಬಿಗಿಹಿಡಿದಿದ್ದಳು. ಹುಣಸೆ ಎಂದದ್ದು ಕೇಳಿ ತಡೆಯಲಾಗಲಿಲ್ಲ.

"ಹುಣಸಿ ಯಾವಾಕಿ ಹಾಕತಾಳ್ರಿ? ಲಿಂಬಿ ಹಿಂಡಬೇಕು, ಅದೂ ಒಲಿಯಿಂದ ಇಳಿಸಿದ ಮ್ಯಾಲ!"

ನಿರ್ಮಲಾ ಪೆನ್ನು ಎತ್ತಿಕೊಂಡರು.

"ನಿನಗ ಹೆಂಗ ಗೊತ್ತು, ಮಂಗಳವ್ವಾ?" ಎಂದರು ಶಶಿಕಾಂತ.

ಮಂಗಳವ್ವ ಡಬರಿ ನೋಡಿದಳು, ಮೂವರ ಕೆಂಪು ಬೆರಳು ನೋಡಿದಳು.

"ಕೇಳೇನ್ರಿ."

"ಯಾರ ಕಡೆಯಿಂದ?"

"ನಿಮ್ಮ ಕಡೆಯಿಂದ, ಈಗ. ನೀವು ಹೇಳಿದ್ರಾಗ ತಪ್ಪು ತಿದ್ದಿದ್ದು ಒಂದ ನನ್ನದು."

ಉತ್ತರವನ್ನು ಪರಿಶೀಲಿಸಿ ಸಮರ್ಪಕವೆಂದು ಸ್ವೀಕರಿಸಲಾಯಿತು. ನಂತರ ಆದೇಶ ಹೊರಬಿತ್ತು: 'ಕಾಡುಹಂದಿಯನ್ನು ಎಂದೂ ತಿನ್ನದ ಮೂವರು ಸಿಬ್ಬಂದಿಯ ಸರ್ವಾನುಮತದ ಅನುಭವದ ಮೇರೆಗೆ, ಸದರಿ ಮಾಂಸವು ಕಾಡುಹಂದಿಯದಲ್ಲ. ಮಾದರಿಯು ನಿರ್ಣಯದ ಹಂತದಲ್ಲಿ ಮುಗಿದಿರುವುದರಿಂದ ಡಬರಿಯನ್ನು ಮಾತ್ರ ಹಿಂತಿರುಗಿಸಲಾಗಿದೆ. ಈ ಪ್ರಮಾಣಪತ್ರದ ಅವಧಿ ಏಳು ದಿನ.'

ಹೀಗಾಗಿ ಪ್ರತಿ ಭಾನುವಾರ ಒಂದು ಡಬರಿ ಕಚೇರಿಗೆ ಹೋಗುತ್ತದೆ. ಆ ದಿನದ ರಜೆ ರದ್ದಾಗಿದೆ. ಸಿಬ್ಬಂದಿಯಿಂದ ಆಕ್ಷೇಪಣೆ ಬಂದಿಲ್ಲ. ಹಾವೇರಿಯ ಮೇಲಧಿಕಾರಿಗಳೂ ತಪಾಸಣೆಗೆ ಬರತೊಡಗಿದ್ದಾರೆ. ಅವರೂ ಕೇಳಿದವರೇ.

ಖಾನಾವಳಿಯಲ್ಲಿ ಪ್ರಮಾಣಪತ್ರವನ್ನು ಕಟ್ಟು ಹಾಕಿಸಿ ತೂಗುಹಾಕಲಾಗಿದೆ. ಅದನ್ನು ಓದಿದ ಗಿರಾಕಿಗಳು ಅರ್ಥವಾಯಿತೆಂಬಂತೆ ತಲೆಯಾಡಿಸಿ ಇನ್ನೊಂದು ತಾಟು ಹೇಳುತ್ತಾರೆ.

ಕಳೆದ ತಿಂಗಳು ಕಚೇರಿಯಿಂದ ನೋಟೀಸು ಬಂತು: 'ಮಾದರಿಯಲ್ಲಿ ಲಿಂಬೆ ಹೆಚ್ಚಾಗಿದ್ದು, ಹುಣಸೆ ಬಳಸುವ ಬಗ್ಗೆ ಕ್ರಮ ಕೈಗೊಳ್ಳುವುದು.' ಮಂಗಳವ್ವ ನೋಟೀಸನ್ನು ಎರಡು ಸಲ ಓದಿ, ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟಳು. ಭಾನುವಾರ ಎಂದಿನಂತೆ ಲಿಂಬೆಯನ್ನೇ ಹಿಂಡಿ ಕಳಿಸಿದಳು.

ಸಂಜೆ ವರದಿ ಬಂತು: 'ಹುಣಸೆ ಬಳಸಲಾಗಿದೆ. ರುಚಿ ಸುಧಾರಿಸಿದೆ.'